ಗಜಲಕ್ಷ್ಮಿಯ ವೇಗಮಾಪಕ ವಿಜಯ

ಹೊಗೆ ಉಗುಳುವವರೇ ಹೆದ್ದಾರಿಯ ಒಡೆಯರಾಗಿದ್ದ, ಡೀಸೆಲ್ಲಿನ ವಾಸನೆಯೇ ವೀರಗಂಧವೆನಿಸಿದ್ದ, ಹಾರ್ನು ಎಷ್ಟು ದೂರ ಕೇಳುತ್ತದೋ ಅಷ್ಟು ದೂರ ಮನುಷ್ಯನ ಘನತೆಯೂ ಹೋಗುತ್ತದೆಂದು ನಂಬಲಾಗಿದ್ದ ಆ ಮಹಾಯುಗವನ್ನು ಮೊದಲಿಗೆ ನೆನೆಯೋಣ. ಎಲೈ ಟಾರುರಸ್ತೆಯ ಅಧಿದೇವತೆಯೇ, ಉಬ್ಬುತಗ್ಗುಗಳ ತಾಯಿಯೇ, ಈ ಕಥೆ ಹೇಳುವ ನಾಲಗೆಗೆ ಒಂದು ತೊಟ್ಟು ಗೇರ್ ಆಯಿಲ್ ಬಿಡು. ಮಾತು ಎಲ್ಲೂ ಕಚ್ಚಿಕೊಳ್ಳದೆ ಸಲೀಸಾಗಿ ಜಾರಲಿ.

ಏಕೆಂದರೆ ಹೇಳಹೊರಟಿರುವುದು ಸಾಮಾನ್ಯನ ಸುದ್ದಿಯಲ್ಲ. ಶಿರಾದ ಲಾರಿ ಸ್ಟ್ಯಾಂಡೆಂಬ ಮಹಾಸಂಸ್ಥಾನದ ವೇಗಚಕ್ರವರ್ತಿ, ಹಾರ್ನ್‌ನಾದವಿದೀರ್ಣದಿಗಂತ, ಗೇರ್‌ದಂಡಧಾರಿ, ಸಕಲಟೋಲ್‌ಗೇಟ್‌ಭಯಂಕರ, ಐವತ್ತೊಂಬತ್ತು ವರ್ಷದ ಮೂಡ್ಲಗಿರಿಯಪ್ಪನ ಸಮಾಚಾರ. ಅವನ ರಥ ಗಜಲಕ್ಷ್ಮಿ. ಯಾವುದೋ ಗಣಿ ಕಂಪನಿಯವರು ಹರಾಜಿಗಿಟ್ಟಾಗ ಬಂದ, ಮುಂದಕ್ಕೆ ಮೂಗು ಚಾಚಿಕೊಂಡ ಹಳೇ ಲಾರಿ. ಅವನ ಸಿಂಹಾಸನವೆಂದರೆ ಸ್ಟ್ಯಾಂಡಿನಲ್ಲಿದ್ದ ಒಂದೇ ಒಂದು ಹೊಂಗೆಮರದ ನೆರಳು.

ನೆರಳೆಂದರೆ ಹಗುರವಾಗಿ ತಿಳಿಯಬಾರದು. ಏಪ್ರಿಲ್ ತಿಂಗಳ ಶಿರಾದಲ್ಲಿ ಲಾರಿಯ ಬಾನೆಟ್ಟಿನ ಮೇಲೆ ರೊಟ್ಟಿ ಹಾಕಿದರೆ ಉಬ್ಬುತ್ತದೆ. ಆ ಸ್ಟ್ಯಾಂಡಿನ ಕಟ್ಟಳೆ ಏನೆಂದರೆ, ರಸ್ತೆಯಲ್ಲಿ ಯಾರು ಎಲ್ಲರಿಗಿಂತ ಜೋರೋ ಅವರ ಲಾರಿಗೆ ಮರದಡಿ ಜಾಗ. ಮೂಡ್ಲಗಿರಿಯಪ್ಪ ಆ ಜಾಗದಲ್ಲಿ ಹದಿನಾಲ್ಕು ವರ್ಷದಿಂದ ಲಾರಿ ನಿಲ್ಲಿಸಿ, ಅದರಡಿ ಈಚಲು ಚಾಪೆ ಹಾಸಿ, ಮಧ್ಯಾಹ್ನ ಎರಡು ಗಂಟೆ ನಿದ್ದೆ ಹೊಡೆಯುತ್ತಿದ್ದ. ಮಂಡಿ ನೋವು, ಬಿ.ಪಿ., ಉರಿಯುವ ಕಣ್ಣು ಇವೆಲ್ಲಕ್ಕೂ ಅದೊಂದೇ ಔಷಧಿ. ಆ ನಿದ್ದೆ ತಪ್ಪಿದರೆ ಇನ್ನೆರಡು ವರ್ಷ ಸ್ಟೇರಿಂಗ್ ಹಿಡಿಯುವುದು ತನ್ನ ಕೈಲಾಗದೆಂದು ಅವನಿಗೆ ಗೊತ್ತಿತ್ತು. ಹೇಳಿಕೊಳ್ಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಇಂಥ ಸಾಮ್ರಾಜ್ಯಕ್ಕೆ ಒಂದು ಸೋಮವಾರ ಬೆಳಿಗ್ಗೆ ಸಂಕಟ ಒದಗಿತು. ನೂತನಲಾರೀವಿಲಾಸಿ, ಕರಿಕನ್ನಡಕಶೋಭಿತ, ಮೂವತ್ತೆರಡರ ಸಣ್ಣೀರಪ್ಪನು ದ್ಯಾವಮ್ಮನ ಟೀ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ನುಡಿದನು.

"ಗಿರಿಯಣ್ಣ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಎಂಬತ್ತು, ಎಂಬತ್ತು ಅಂತೀಯಲ್ಲ, ನಿನ್ ಮೀಟರ್ ಮುಳ್ಳು ಸೊನ್ನೆ ಮೇಲೆ ಮಲಗಿ ಹನ್ನೆರಡು ವರ್ಸ ಆತು. ಎಂಬತ್ತು ಅಂತ ನಿಂಗೆ ಹೇಳ್ದೋರ್ ಯಾರು?"

ಬೆಂಚಿನವರೆಲ್ಲ ಟೀ ಲೋಟ ಕೆಳಗಿಟ್ಟರು. ಮೂಡ್ಲಗಿರಿಯಪ್ಪನ ಮೀಸೆ ಎರಡು ಕಡೆಗೂ ನಿಮಿರಿತು.

"ಲೇ ಸಣ್ಣೀರ! ಮುಳ್ಳು ನೋಡ್ಕೊಂಡು ಗಾಡಿ ಓಡ್ಸೋನು ಗುಮಾಸ್ತ ಕಣ್ಲಾ, ಡ್ರೈವರಲ್ಲ. ಅರವತ್ತಕ್ಕೆ ನನ್ ಎಡಗನ್ನಡಿ ನಡುಗ್ತದೆ. ಎಪ್ಪತ್ತಕ್ಕೆ ಬಾಗ್ಲು ಬಡ್ಕಂತದೆ. ಎಂಬತ್ತು ಬಂತೂ ಅಂದ್ರೆ ನನ್ ಹಲ್ಲು ಕಟಕಟ ಅಂತವೆ. ಹಲ್ಲು ಸುಳ್ಳು ಹೇಳ್ತಾವೇನ್ಲಾ?"

ಇದೇ ಮಾತನ್ನು ವೀರಭಾಷೆಗೆ ಏರಿಸಿದರೆ ಹೀಗಾಗುತ್ತದೆ: "ಎಲವೋ ಅರ್ಭಕ, ಸಿಡಿಲು ತನ್ನ ವೇಗವನ್ನು ಯಾವ ಮುಳ್ಳಿನಲ್ಲಿ ನೋಡಿಕೊಂಡಿತು? ನಾನು ಹೊರಟೆನೆಂದರೆ ದಿಕ್ಕುಗಳು ಓರೆಯಾಗುತ್ತವೆ, ಹುಣಸೆಮರಗಳು ಹಿಂದಕ್ಕೆ ಓಡುತ್ತವೆ, ನನ್ನ ಧೂಳನ್ನು ಹಿಡಿಯಲು ಹೋದ ಗಾಳಿಗೆ ಕೆಮ್ಮು ಬರುತ್ತದೆ!"

ದ್ಯಾವಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಯಾಕ್ರಪ್ಪ ಹೊತ್ತಾರೆಗೇ ಕಿತ್ತಾಡ್ತೀರ? ಆ ಮೀಟರು ರಿಪೇರಿ ಮಾಡ್ಸಿ. ಮುಳ್ಳು ಎಂಬತ್ತು ಮುಟ್ಟಿದ್ರೆ ನೆರಳು ಗಿರಿಯಣ್ಣಂದು. ಮುಟ್ಟದಿದ್ರೆ ಸಣ್ಣೀರಂದು. ಮುಗೀತು."

ಎದ್ದು ಹೋಗುವ ಹಾಗಿರಲಿಲ್ಲ. "ಆಗ್ಲಿ" ಎಂದ ಮೂಡ್ಲಗಿರಿಯಪ್ಪ.

ಆಗ ರಣರಂಗ ಪ್ರವೇಶಿಸಿದವರು ಸೂಕ್ಷ್ಮಯಂತ್ರಕೋವಿದ, ಏಕಾಕ್ಷಭೂತಗಾಜಧಾರಿ, ಗಡಿಯಾರ ರಿಪೇರಿಯ ಖಲಂದರ್ ಸಾಬರು. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಗಜಲಕ್ಷ್ಮಿಯ ಮೀಟರನ್ನು ಬಗ್ಗಿ ನೋಡಿ, "ಇದು ಬರೀ ಮೀಟರಲ್ಲ ಗಿರಿಯಪ್ಪನೋರೆ" ಎಂದರು. "ಇದರೊಳಗೆ ಗಡಿಯಾರ ಐತೆ, ದುಂಡನೆ ಕಾಗದ ಐತೆ. ಗಾಡಿ ಎಷ್ಟು ಜೋರಾಗಿ ಹೋದ್ರೆ ಸೂಜಿ ಅಷ್ಟು ಎತ್ತರಕ್ಕೆ ಗೀಟು ಎಳೀತದೆ. ಗಣಿಯೋರು ಡ್ರೈವರ್‌ಗಳ ಮೇಲೆ ಕಣ್ಣಿಡೋಕೆ ಹಾಕ್ಸಿದ್ದು. ನೀವು ಇಷ್ಟು ವರ್ಸ ಒಬ್ಬ ಗುಮಾಸ್ತನ್ನ ಪಕ್ಕದಲ್ಲೇ ಕೂರಿಸ್ಕೊಂಡು ಓಡಾಡಿದ್ದೀರ, ಪುಣ್ಯಕ್ಕೆ ನಿದ್ದೆ ಮಾಡ್ತಿದ್ದ."

ತಿರುಪುಳಿ ತಿರುಗಿತು. ಮುಚ್ಚಳ ತೆರೆಯಿತು. ತೆರೆದೊಡನೆ ಮುಳ್ಳಿನ ಬುಡದಲ್ಲಿ ಮಣ್ಣಿನ ಕೋಟೆ ಕಟ್ಟಿಕೊಂಡಿದ್ದ, ಪೀತಾಂಬರಪಟ್ಟೆಯ, ತನುಮಧ್ಯೆಯಾದ ಒಂದು ಕಡಜವು ರಣಕಹಳೆಯಂತೆ ಗುಂಯ್‌ಗುಟ್ಟುತ್ತ ಹೊರಗೆ ಹಾರಿತು. ಮೂಡ್ಲಗಿರಿಯಪ್ಪನು ಹೆಗಲಿನ ಟವಲ್ಲೆಂಬ ದಿವ್ಯಾಸ್ತ್ರವನ್ನು ಪ್ರಯೋಗಿಸಿದನು. ಅದು ಖಲಂದರ್ ಸಾಬರ ಟೋಪಿಯನ್ನು ನೆಲಕ್ಕುರುಳಿಸಿತು. ಎರಡನೆಯ ಪ್ರಯೋಗಕ್ಕೆ ಎಡಗನ್ನಡಿ ಮುರಿಯುವುದು ಸ್ವಲ್ಪದರಲ್ಲಿ ತಪ್ಪಿತು. ಮೂರನೆಯದಕ್ಕೆ ಕಾಯದೆ ಕಡಜವು ಚಕ್ರವರ್ತಿಯ ಮೂಗಿನ ತುದಿಗೆ ತನ್ನ ಏಕೈಕ ಬಾಣವನ್ನು ನೆಟ್ಟು, ಸೋಲೊಪ್ಪದೆ, ಟೀ ಅಂಗಡಿಯ ಬೆಲ್ಲದ ಡಬ್ಬಿಯತ್ತ ಪ್ರಯಾಣ ಬೆಳೆಸಿತು.

"ಸುಣ್ಣ ಹಚ್ಕಳಣ್ಣ" ಎಂದ ಸಣ್ಣೀರಪ್ಪ, ನಗು ತಡೆದುಕೊಂಡು.

ಮೂಗಿಗೆ ಸುಣ್ಣ ಬಳಿದುಕೊಂಡೇ ಮೂಡ್ಲಗಿರಿಯಪ್ಪ ಮುಂದಿನ ಕಾಳಗಕ್ಕೆ ನಿಂತ. ಗೇರ್ ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ಲಿನ ಒಳತಂತಿ ಹರಿದು ಎರಡಾಗಿತ್ತು. ಪಕ್ಕದ ಗುಜರಿಯಲ್ಲಿ ಸಿಕ್ಕಿದ ಬೇರೆ ಕೇಬಲ್ಲು ಒಂದು ಗೇಣು ಉದ್ದ ಹೆಚ್ಚಾಯಿತು, ಅದನ್ನು ಸುತ್ತಿ ಕಟ್ಟಿದ್ದಾಯಿತು. ಒಣಗಿ ಅಂಟಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಸಾಬರು ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದರು. ಒಳಗಿನ ಗಡಿಯಾರ ಮೂರು ಸಲ ಕೆಮ್ಮಿ, ಟಿಕ್ ಎಂದಿತು.

ಹೊಸ ಕಾಗದ ಮಾತ್ರ ಇರಲಿಲ್ಲ. ಒಳಗಿದ್ದದ್ದು ಗಣಿಯ ಕಾಲದ ಒಂದೇ ಒಂದು ಕಾಗದದ ತಟ್ಟೆ, ಅದೂ ಗೀಚಿ ಮುಗಿದದ್ದು. ಆಗ ದ್ಯಾವಮ್ಮ ಯಾರದೋ ಮದುವೆಯ ಕರೆಯೋಲೆಯನ್ನು ಅದರ ಅಳತೆಗೆ ದುಂಡಗೆ ಕತ್ತರಿಸಿ, ಹರಳೆಣ್ಣೆ ದೀಪದ ಮೇಲೆ ಹಿಡಿದು, ಮಗುವಿಗೆ ಕಾಡಿಗೆ ಮಾಡುವಂತೆ ಕಪ್ಪು ಕೂರಿಸಿದಳು. "ಸೂಜಿ ಗೀರಿದ ಕಡೆ ಬೆಳ್ಳಗೆ ಕಾಣ್ತದೆ ನೋಡಿ. ಕೈ ಮುಟ್ಟುಸ್ಬ್ಯಾಡಿ, ಅಳಿಸೋಯ್ತದೆ." ಸಾಬರು ಹಳೇ ತಟ್ಟೆ ನೋಡಿಕೊಂಡು ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತರ ಗೆರೆಗಳನ್ನು ಕೈವಾರದಲ್ಲಿ ಎಳೆದು ಒಳಗಿಟ್ಟರು.

ತಾವರೆಕೆರೆ ಗೇಟಿನವರೆಗೆ ಹೋಗಿ ಬರುವುದೆಂದು ತೀರ್ಮಾನ. ಸಾಕ್ಷಿಗೆ ಖಲಂದರ್ ಸಾಬರು. ಗಜಲಕ್ಷ್ಮಿ ಘೀಳಿಟ್ಟಿತು. ಸ್ಟ್ಯಾಂಡಿನವರೆಲ್ಲ ಶಿಳ್ಳೆ ಹಾಕಿದರು. ಹೆದ್ದಾರಿಗೆ ಬಂದವನೇ ಮೂಡ್ಲಗಿರಿಯಪ್ಪ ಆಕ್ಸಿಲೇಟರನ್ನು ಅದುಮಿದ. ಹನ್ನೆರಡು ವರ್ಷ ಮಲಗಿದ್ದ ಮುಳ್ಳು, ನಿದ್ದೆಗಣ್ಣಿನಲ್ಲಿ ಏಳುವ ಮುದುಕನಂತೆ, ಮೆಲ್ಲಗೆ ತಲೆಯೆತ್ತಿತು.

ಎಡಗನ್ನಡಿ ನಡುಗತೊಡಗಿತು. "ಅರವತ್ತು!" ಎಂದ ಮೂಡ್ಲಗಿರಿಯಪ್ಪ.

"ಇಪ್ಪತ್ತಾರು" ಎಂದರು ಸಾಬರು.

ಬಾಗಿಲು ಬಡಿದುಕೊಂಡಿತು. "ಈಗ್ಹೇಳಿ!"

"ಮೂವತ್ತೈದು."

ಅವನು ಪಾದವನ್ನು ತಗಡಿಗೆ ತಾಗುವವರೆಗೂ ಒತ್ತಿದ. ಎಂಜಿನ್ ಕಿರುಚಿತು, ಸೀಟು ಕುಣಿಯಿತು, ಹಲ್ಲುಗಳು ಕಟಕಟಕಟ ಎಂದು ವೀರತಾಳ ಹಾಕಿದವು. ಮುಳ್ಳು ನಲವತ್ತೆರಡಕ್ಕೆ ಬಂದು, ಅಲ್ಲಿ ಚೆನ್ನಾಗಿದೆಯೆಂಬಂತೆ, ನಿಂತುಬಿಟ್ಟಿತು. ಮೊಸರಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ಬಲಗಡೆಯಿಂದ ದಾಟಿ ಹೋಯಿತು.

"ನಿಮ್ ರಿಪೇರಿ ಸರಿಯಾಗಿಲ್ಲ ಸಾಬ್ರೆ!"

ಸಾಬರು ಜೇಬಿನ ಗಡಿಯಾರ ತೆಗೆದು, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದರವರೆಗೆ ಎಣಿಸಿದರು. "ಎಂಬತ್ತಾರು ಸೆಕೆಂಡು. ಎಂಬತ್ತರಲ್ಲಿ ಹೋಗ್ತಿದ್ರೆ ನಲವತ್ತೈದಕ್ಕೆ ಬರಬೇಕಿತ್ತು. ಮೀಟರು ಸರಿಯಾಗೈತೆ ಗಿರಿಯಪ್ಪನೋರೆ. ಗಾಡಿಗೆ ವಯಸ್ಸಾಗೈತೆ. ಮೊದಲು ಅರವತ್ತಕ್ಕೆ ನಡುಗ್ತಿದ್ದ ಕನ್ನಡಿ ಆಮೇಲೆ ಐವತ್ತಕ್ಕೆ ನಡುಗ್ತು, ಆಮೇಲೆ ನಲವತ್ತಕ್ಕೆ. ವರ್ಸಾವರ್ಸ ನಡುಕ ಬೇಗ ಬೇಗ ಬಂತು. ನೀವು ವೇಗ ಬಂತು ಅಂದ್ಕೊಂಡ್ರಿ."

ಮೂಡ್ಲಗಿರಿಯಪ್ಪ ಗೇಟಿನ ಹತ್ತಿರ ಲಾರಿ ನಿಲ್ಲಿಸಿದ. ಮುಚ್ಚಳ ತೆಗೆದು ಕಪ್ಪು ತಟ್ಟೆಯನ್ನು ಅಂಚಿನಲ್ಲಿ ಹಿಡಿದ. ಹೆಬ್ಬೆರಳನ್ನು ಒಂದು ಸಲ ಸವರಿದರೆ ಸಾಕು, ನಲವತ್ತೆರಡೂ ಇಲ್ಲ, ಎಂಬತ್ತೂ ಇಲ್ಲ, ಪುರಾವೆಯಿಲ್ಲದ ಮೇಲೆ ನೆರಳು ಅವನದೇ. ಸಾಬರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. "ನಾನು ಗಡಿಯಾರ ರಿಪೇರಿ ಮಾಡೋನು. ಕಾಗದ ನಿಮ್ಮ ಕೈಲೈತೆ. ಒಂದು ಮಾತು, ನಲವತ್ತೆರಡಾದ್ರೂ ಎಂಥ ಗೀಟು ನೋಡಿ. ಒಂದು ಕಡೇನೂ ಅಳ್ಳಾಡಿಲ್ಲ. ಇಷ್ಟು ಸಮನಾಗಿ ಓಡ್ಸೋ ಕಾಲು ನಾನು ಕಂಡಿಲ್ಲ."

ಅವನು ನೋಡಿದ. ಕಪ್ಪಿನ ಮೇಲೆ ಬಿಳಿಯ ಎಳೆ, ಪಳಗಿದ ಕೈ ಬಿಟ್ಟ ರಂಗೋಲಿಯಂತಿತ್ತು. ಮೂವತ್ತು ವರ್ಷ ಓಡಿಸಿದ್ದರಲ್ಲಿ ತನ್ನ ಕೆಲಸವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಎತ್ತಿದ ಹೆಬ್ಬೆರಳು ಸುಣ್ಣದ ಮೂಗನ್ನು ಕೆರೆದು ಕೆಳಗಿಳಿಯಿತು.

ಸ್ಟ್ಯಾಂಡಿಗೆ ಬಂದು ತಟ್ಟೆಯನ್ನು ಅವನೇ ದ್ಯಾವಮ್ಮನ ಕೈಗೆ ಕೊಟ್ಟ. "ನಲವತ್ತೆರಡು" ಎಂದ, ಯಾರೂ ಕೇಳುವುದಕ್ಕೆ ಮೊದಲೇ. ಆಗ ಎದ್ದ ನಗುವಿಗೆ ಹೊಂಗೆಮರದ ಕಾಗೆಗಳೆಲ್ಲ ಹಾರಿಹೋದವು. "ಎತ್ತಿನಗಾಡಿ ಚಕ್ರವರ್ತಿ!" ಎಂದರು ಯಾರೋ. ಸಣ್ಣೀರಪ್ಪ ಮಾತ್ರ ಅಷ್ಟಾಗಿ ನಗಲಿಲ್ಲ. ಮೂಗು ಊದಿದ ಆ ಮುಖ ನೋಡಿ ಅವನ ಬಾಯಿ ಅರ್ಧಕ್ಕೇ ಮುಚ್ಚಿತು.

ಹೀಗೆ ಭೂಮಿಯನ್ನು ನಡುಗಿಸಿದ ಆ ಮಹಾಸಂಗ್ರಾಮದ ಫಲವಾಗಿ ಒಂದು ಲಾರಿ ಹದಿನೆಂಟು ಅಡಿ ಹಿಂದಕ್ಕೆ ಹೋಯಿತು, ಇನ್ನೊಂದು ಲಾರಿ ಹದಿನೆಂಟು ಅಡಿ ಮುಂದಕ್ಕೆ ಬಂತು.

ಮಧ್ಯಾಹ್ನ ಒಂದೂವರೆಗೆ ಗಜಲಕ್ಷ್ಮಿಯ ಕೆಳಗೆ ನೆಲ ಕೆಂಡವಾಗಿತ್ತು. ಮೂಡ್ಲಗಿರಿಯಪ್ಪ ಸ್ವಲ್ಪ ಹೊತ್ತು ಹೊರಳಾಡಿದ. ಆಮೇಲೆ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸ್ಟ್ಯಾಂಡಿನವರು ಎಂದೂ ನೋಡಿರದ ಕೆಲಸವೊಂದನ್ನು ಮಾಡಿದ: ಸೀದಾ ಹೋಗಿ ಸಣ್ಣೀರಪ್ಪನ ಹೊಸ ಲಾರಿಯ ಕೆಳಗೆ ತೂರಿ, ಚಾಪೆ ಬಿಚ್ಚಿ, ಕಾಲು ಚಾಚಿದ.

ಊಟ ಮುಗಿಸಿ ಬಂದ ಸಣ್ಣೀರಪ್ಪ ಬಗ್ಗಿ ನೋಡಿದ. "ಅಣ್ಣೋ, ಇದು ನಾನ್ ಗೆದ್ದಿರೋ ಜಾಗ."

"ಗೆದ್ದಿರೋದು ನಿನ್ ಲಾರಿ ಕಣಪ್ಪ" ಎಂದ ಮೂಡ್ಲಗಿರಿಯಪ್ಪ, ಕಣ್ಣು ತೆರೆಯದೆ. "ಚಾಪೆ ಮೇಲೆ ಪಂದ್ಯ ಕಟ್ಟಿರ್ಲಿಲ್ಲ."

ಸಣ್ಣೀರಪ್ಪ ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದ, ಬಿಸಿಲಿನ ಕಡೆ ಒಮ್ಮೆ ನೋಡಿದ. ಕರಿಕನ್ನಡಕ ಬಿಚ್ಚಿ ಜೇಬಿಗಿಟ್ಟುಕೊಂಡು ಮಂಡಿಯೂರಿದ.

"ಒಸಿ ಅತ್ಲಾಗೆ ಸರ್ಕೊಳಣ್ಣ."