ಲಾರ್ಕ್‌ಸ್ಪರ್ ಹೌಸಿನ ಬೆಂಕಿಕಾವಲು

ಬೆಂಕಿಯು ಬಾಡಿಗೆ ಮನೆಯನ್ನೂ ಸ್ವಂತ ಮನೆಯನ್ನೂ ಭೇದವೆಣಿಸದೆ ಸುಡುತ್ತದೆ ಎಂಬುದನ್ನು ನಗರಸಭೆಯ ವಸತಿ ಇಲಾಖೆ ಲಿಖಿತವಾಗಿ ಒಪ್ಪಿಕೊಂಡಿದೆ. ಬೆಂಕಿ ತಡೆಯುವ ಖರ್ಚಿನಲ್ಲಿ ಮಾತ್ರ ಭೇದವೆಣಿಸದಿದ್ದರೆ ಆಡಳಿತ ನಡೆಯುವುದಿಲ್ಲ ಎಂಬುದು ಅದೇ ಪತ್ರದ ಎರಡನೇ ಪುಟದಲ್ಲಿದೆ.

ದಕ್ಷಿಣ ಲಂಡನ್ನಿನ ಲಾರ್ಕ್‌ಸ್ಪರ್ ಹೌಸಿನಲ್ಲಿ ಹದಿನಾರು ಅಂತಸ್ತು, ಅರವತ್ತನಾಲ್ಕು ಮನೆ. ಐವತ್ತಾರು ಮನೆಯವರು ನಗರಸಭೆಗೆ ಬಾಡಿಗೆ ಕಟ್ಟುತ್ತಾರೆ. ಉಳಿದ ಎಂಟು ಮನೆಯವರು, 'ಎಷ್ಟು ದಿನ ಬಾಡಿಗೆ ಕಟ್ಟುತ್ತೀರಿ, ಕೊಂಡುಬಿಡಿ' ಎಂದು ಒಂದು ಕಾಲದಲ್ಲಿ ಸರ್ಕಾರ ಬೆನ್ನು ತಟ್ಟಿದಾಗ, ಕೊಂಡುಬಿಟ್ಟವರು. ಒಂಬತ್ತನೇ ಅಂತಸ್ತಿನ ವಿನಿಫ್ರೆಡ್ ಟಪ್‌ಲೋ ಅವರಲ್ಲೊಬ್ಬಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಆಲೂಗಡ್ಡೆ ಬೇಯಿಸಿ ನಿವೃತ್ತಳಾದ ವಿನಿಗೆ ಈಗ ಅರವತ್ತೊಂಬತ್ತು. ಸ್ಕೆಗ್‌ನೆಸ್‌ನಲ್ಲಿ ಸಮುದ್ರದ ದಡಕ್ಕೆ ಹತ್ತಿರ ಇರುವ ತಂಗಿ ಥೆಲ್ಮಾ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, "ಒಂದು ಕೋಣೆ ಖಾಲಿ ಇದೆ, ಬಂದುಬಿಡೇ" ಎಂದು ಕರೆದಿದ್ದಳು. ಮನೆ ಮಾರಿ ಹೋಗುವುದೆಂದು ವಿನಿ ತಟ್ಟೆಗಳನ್ನೆಲ್ಲ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದೂ ಆಗಿತ್ತು. ಕೊಳ್ಳಲು ಒಂದು ನರ್ಸ್ ದಂಪತಿ ಒಪ್ಪಿದ್ದರು. ಅವರ ಬ್ಯಾಂಕು, ಕಟ್ಟಡ ಬೆಂಕಿಗೆ ಸುರಕ್ಷಿತ ಎಂಬ ಒಂದು ಪ್ರಮಾಣಪತ್ರ ಕೇಳಿತು. ವಿನಿ ನಗರಸಭೆಯನ್ನು ಕೇಳಿದಳು. ಕೇಳದಿದ್ದರೆ ಕಟ್ಟಡ ಸುರಕ್ಷಿತವಾಗಿಯೇ ಉಳಿಯುತ್ತಿತ್ತು.

ಪರಿಶೀಲನೆಗೆ ಬಂದವರು ವಸತಿ ಇಲಾಖೆಯ ಪಿಲ್‌ಬೀಮ್. ಅತ್ಯಂತ ಸಜ್ಜನರು, ಯಾರ ಮನೆಗೆ ಹೋದರೂ ಷೂ ಬಿಚ್ಚಿಯೇ ಒಳಗೆ ಬರುವವರು. ಕುಂಬಳಕಾಯಿ ಬಲಿತಿದೆಯೋ ಎಂದು ನೋಡುವವರಂತೆ ವಿನಿಯ ಮುಂಬಾಗಿಲನ್ನು ಎರಡು ಸಲ ತಟ್ಟಿದರು.

"ಇದು ಬೆಂಕಿಗೆ ನಿಲ್ಲೋ ಬಾಗಿಲಲ್ಲ ಮೇಡಂ."

"ಹನ್ನೆರಡು ವರ್ಷದ ಹಿಂದೆ ನೀವೇ ಅಲ್ವಾ ಹಾಕಿಸಿದ್ದು? ಬೆಂಕಿಗೆ ನಿಲ್ಲುತ್ತೆ ಅಂತ ಹೇಳಿ ಸಾವಿರದೆಂಟುನೂರು ಪೌಂಡು ತಗೊಂಡ್ರಿ."

"ಅದಕ್ಕೇ ನಮಗೆ ಇಷ್ಟು ಖಚಿತವಾಗಿ ಗೊತ್ತಿರೋದು. ಬೇರೆಯವರು ಹಾಕಿದ್ದಿದ್ರೆ ಪರೀಕ್ಷೆ ಮಾಡಿಸಬೇಕಾಗಿತ್ತು."

ಹೊಸ ಬಾಗಿಲಿಗೆ ಮೂರು ಸಾವಿರದ ಇನ್ನೂರು ಎಂದರು. ಬಾಗಿಲು ಯಾರದು ಎಂದು ವಿನಿ ಕೇಳಿದಳು. ಪಿಲ್‌ಬೀಮ್ ಕರಾರುಪತ್ರ ತೆಗೆದು ಬೆರಳಿಟ್ಟು ಓದಿದರು.

"ಬಾಗಿಲು ನಗರಸಭೆಯದು. ಬಾಗಿಲ ಒಳಮುಖದ ಬಣ್ಣ ನಿಮ್ಮದು."

"ಹಾಗಿದ್ರೆ ಬಣ್ಣಕ್ಕೆ ಎಷ್ಟಾಗುತ್ತೋ ಅಷ್ಟು ಕೊಡ್ತೀನಿ."

"ಬಣ್ಣದಲ್ಲಿ ದೋಷ ಇಲ್ವಲ್ಲ ಮೇಡಂ. ದೋಷ ಇರೋದು ಬಾಗಿಲಲ್ಲಿ."

"ಬಾಗಿಲು ನಿಮ್ಮದು."

"ನಮ್ಮದಾದ್ದರಿಂದ ನಾವು ಬದಲಾಯಿಸ್ತೀವಿ. ನೀವು ತೆಗೆದು ಹಾಕೋದ್ರಿಂದ ನೀವು ಕೊಡ್ತೀರಿ."

"ಪಕ್ಕದ ಮನೆಯವರೂ ದಿನಾ ತೆಗೆದು ಹಾಕ್ತಾರಲ್ಲ?"

ಪಿಲ್‌ಬೀಮ್ ಈ ಪ್ರಶ್ನೆಯನ್ನು ನಿರೀಕ್ಷಿಸಿದ್ದರು. "ಬಾಡಿಗೆಯವರ ಮೇಲೆ ಹಾಕೋಕೆ ಕಾನೂನಿಲ್ಲ. ನಮ್ಮ ಮೇಲೆ ಹಾಕ್ಕೊಳ್ಳೋಕೆ ದುಡ್ಡಿಲ್ಲ. ಕಾನೂನೂ ಇದ್ದು ದುಡ್ಡೂ ಇರೋದು ಕೊಂಡವರ ಹತ್ರ ಮಾತ್ರ."

"ನನ್ನ ಹತ್ರ ಎಲ್ಲಿದೆ ದುಡ್ಡು?"

"ಮನೆ ಇದೆಯಲ್ಲ."

"ಪ್ರಮಾಣಪತ್ರ ಇಲ್ಲದಿದ್ರೆ ಅದರ ಬೆಲೆ ಸೊನ್ನೆ ಅಂತ ಬ್ಯಾಂಕಿನವರು ಬರೆದು ಕೊಟ್ಟಿದ್ದಾರೆ."

"ಅದು ಮಾರೋಕೆ ಹೋದ್ರೆ. ನಮ್ಮ ಬಿಲ್ಲಿನ ಲೆಕ್ಕಕ್ಕೆ ಎರಡು ಲಕ್ಷ ನಲವತ್ತು ಸಾವಿರ," ಎಂದು ಪಿಲ್‌ಬೀಮ್ ಸಮಾಧಾನ ಹೇಳಿ, ಷೂ ಹಾಕಿಕೊಂಡು ಹೋದರು.

ನರ್ಸ್ ದಂಪತಿ ಬೇರೆ ಕಡೆ ಮನೆ ನೋಡಿಕೊಂಡರು. ವಿನಿ ಪೆಟ್ಟಿಗೆಯಿಂದ ಒಂದು ತಟ್ಟೆ, ಒಂದು ಬಟ್ಟಲು ಮಾತ್ರ ಹೊರಗೆ ತೆಗೆದಳು. ಎಲ್ಲವನ್ನೂ ತೆಗೆದರೆ ಸೋತಂತೆ ಎನಿಸಿತು.

ಮರುವಾರ ಲಿಫ್ಟಿನ ಪಕ್ಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಂಡಿತು:

'ನಿವಾಸಿಗಳ ಗಮನಕ್ಕೆ. ನಿಮ್ಮ ಕಟ್ಟಡವು ಅಪಾಯಕಾರಿಯೆಂದು ತಿಳಿಸಲು ಹರ್ಷಿಸುತ್ತೇವೆ, ಏಕೆಂದರೆ ತಿಳಿಯದಿರುವುದು ಇನ್ನೂ ಅಪಾಯಕಾರಿ. ಹೊಸ ಬಾಗಿಲುಗಳು ಬರುವ ತನಕ ತಾತ್ಕಾಲಿಕವಾಗಿ ಬೆಂಕಿಕಾವಲು ಏರ್ಪಡಿಸಲಾಗಿದೆ. ಕಾವಲಿನವರು ದಿನದ ಇಪ್ಪತ್ತನಾಲ್ಕು ಗಂಟೆಯೂ ಅಂತಸ್ತಿನಿಂದ ಅಂತಸ್ತಿಗೆ ನಡೆದು ಬೆಂಕಿಯನ್ನು ಹುಡುಕುವರು. ನಿವಾಸಿಗಳು ಸಹಕರಿಸತಕ್ಕದ್ದು. ವೆಚ್ಚವನ್ನು ಕೊಂಡವರು ಭರಿಸತಕ್ಕದ್ದು.'

ಹಗಲಿನ ಪಾಳಿಗೆ ಬಂದವನು ಹಬ್ತೊಮ್ ಎಂಬ ಐವತ್ತು ದಾಟಿದ ಎರಿಟ್ರಿಯಾದವನು. ಅಸ್ಮಾರಾದಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು ಈಗ ಹಳದಿ ಜಾಕೆಟ್ಟು ತೊಟ್ಟು, ಕೈಯಲ್ಲೊಂದು ಊದುಕೊಂಬು ಹಿಡಿದು, ಮೂಗು ಮುಂದೆ ಮಾಡಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅವನನ್ನು ಕಳಿಸಿದ ಕಾವಲು ಕಂಪನಿ ಅವನ ಪ್ರತಿ ಗಂಟೆಗೆ ನಗರಸಭೆಗೆ ಇಪ್ಪತ್ತನಾಲ್ಕು ಪೌಂಡು ಬಿಲ್ಲು ಹಾಕುತ್ತಿತ್ತು. ಅದನ್ನು ವಸೂಲಿ ಮಾಡುವ ಶ್ರಮಕ್ಕೆಂದು ನಗರಸಭೆ ಇನ್ನಷ್ಟು ಸೇರಿಸಿ ಎಂಟು ಮನೆಗೆ ಹಂಚುತ್ತಿತ್ತು. ಹಬ್ತೊಮ್‌ಗೆ ಸಿಗುತ್ತಿದ್ದದ್ದು ಹನ್ನೊಂದೂವರೆ.

ಒಂದು ಅಲಾರಾಂ ಹಾಕಿದರೆ ಆರು ವಾರದ ಕಾವಲಿಗಿಂತ ಅಗ್ಗವಲ್ಲವೇ ಎಂದು ವಿನಿ ಪತ್ರ ಬರೆದಳು. ಉತ್ತರ ಬಂತು: ಅಲಾರಾಂ ಶಾಶ್ವತವಾದದ್ದು, ಆದ್ದರಿಂದ ಮೂರು ಸಮಿತಿಗಳ ಒಪ್ಪಿಗೆ ಬೇಕು. ಮನುಷ್ಯ ತಾತ್ಕಾಲಿಕ, ಯಾರ ಒಪ್ಪಿಗೆಯೂ ಬೇಕಿಲ್ಲ.

ತಾತ್ಕಾಲಿಕಕ್ಕೆ ಹದಿನಾಲ್ಕು ತಿಂಗಳಾಯಿತು. ಪಿಂಚಣಿ ಬಿಲ್ಲಿನ ಕಂತಿಗೂ ಸಾಲದೆ ವಿನಿ ಮೊದಲು ಟಿವಿ ಮಾರಿದಳು, ಆಮೇಲೆ ಹೀಟರ್ ಆರಿಸಿ ಕೋಟು ತೊಟ್ಟು ಕೂರತೊಡಗಿದಳು. ದಿನಾ ಹನ್ನೊಂದಕ್ಕೆ ಹಬ್ತೊಮ್ ಒಂಬತ್ತನೇ ಅಂತಸ್ತಿಗೆ ಬಂದಾಗ ಒಂದು ಲೋಟ ಚಹಾ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಂದು ದಿನ ಅವನೇ ಕೇಳಿದ.

"ಅಮ್ಮ, ಮನೆಯೊಳಗೂ ಕೋಟು ಯಾಕೆ?"

"ನಿನ್ನ ಸಂಬಳ ಕಣಪ್ಪ ಇದು."

ಹಬ್ತೊಮ್ ಲೋಟವನ್ನು ಕೆಳಗಿಟ್ಟ. ಆಮೇಲೆ ಹೇಳಿದ: "ಕಂಪನಿಯವರು ಜನ ಹುಡುಕ್ತಿದ್ದಾರೆ. ಮಧ್ಯಾಹ್ನದ ಪಾಳಿ ಖಾಲಿ ಇದೆ. ನಿಮಗೆ ಮೆಟ್ಟಿಲು ಹತ್ತೋಕೆ ಆಗುತ್ತಾ?"

"ಲಿಫ್ಟು ಕೆಟ್ಟಾಗೆಲ್ಲ ಹತ್ತಿದವಳೇ. ವಾರಕ್ಕೆ ಮೂರು ದಿನ."

ಸಂದರ್ಶನದಲ್ಲಿ ಕಂಪನಿಯವರು ಒಂದೇ ಆತಂಕ ವ್ಯಕ್ತಪಡಿಸಿದರು. ಬೆಂಕಿ ಬಿದ್ದರೆ ಆಕೆ ಸ್ವಂತ ಮನೆಯತ್ತ ಓಡಿಬಿಟ್ಟರೆ?

"ಅರವತ್ತನಾಲ್ಕು ಮನೆಯ ಕಾವಲಿಗೂ ದುಡ್ಡು ಕೊಡ್ತಿದ್ದೀನಿ. ಯಾವ ಮನೆಯತ್ತ ಓಡಿದ್ರೂ ನನ್ನದೇ," ಎಂದಳು ವಿನಿ. ನೇಮಕವಾಯಿತು. ಅಂದಿನಿಂದ, ತನ್ನನ್ನು ತಾನೇ ಕಾಯಲು ತಾನೇ ಕಟ್ಟಿದ ಹಣದಲ್ಲಿ ಅರ್ಧಕ್ಕಿಂತ ಕಡಿಮೆ ಸಂಬಳವಾಗಿ ಆಕೆಯ ಕೈಸೇರತೊಡಗಿತು. ಉಳಿದದ್ದು ವ್ಯವಸ್ಥೆಗೆ. ಆದರೂ ಹೀಟರ್ ಹಾಕುವಷ್ಟಾಯಿತು.

ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಬೆಂಕಿ ನಿಜವಾಗಿಯೇ ಕಂಡಿತು. ಹನ್ನೆರಡನೇ ಅಂತಸ್ತಿನ ಬಾಡಿಗೆದಾರ ಬೇಸಿಲ್ ಮಡ್ಜ್ ಆಲೂಗಡ್ಡೆ ಕರಿಯಲು ಎಣ್ಣೆಯಿಟ್ಟು ಕುದುರೆ ಪಂದ್ಯ ಕೇಳುತ್ತ ಕೂತಿದ್ದ. ವಾಸನೆ ಹಿಡಿದು ವಿನಿ ಒಳಗೆ ನುಗ್ಗಿದಳು. ಬಾಣಲೆಯ ಮೇಲೆ ಉರಿ ಎದ್ದಿತ್ತು. ಒಲೆ ಆರಿಸಿ, ಟವೆಲು ಒದ್ದೆ ಮಾಡಿ, ಹಿಂಡಿ, ಬಾಣಲೆಯ ಮೇಲೆ ಹೊದಿಸಿದಳು. ಮುಗಿಯಿತು. ಮೂವತ್ತೊಂದು ವರ್ಷದ ಅಡುಗೆಮನೆ ಅನುಭವ.

ಎರಡು ದಿನಕ್ಕೆ ಕಂಪನಿಯಿಂದ ಎಚ್ಚರಿಕೆ ಪತ್ರ ಬಂತು. 'ಬೆಂಕಿಯನ್ನು ಕಾಣುವುದು, ಕೊಂಬು ಊದುವುದು, ಪುಸ್ತಕದಲ್ಲಿ ಬರೆಯುವುದು, ಇವು ಮೂರೇ ಕಾವಲಿನವರ ಕರ್ತವ್ಯ. ಆರಿಸುವುದು ಅಧಿಕಾರ ವ್ಯಾಪ್ತಿಯನ್ನು ಮೀರಿದ್ದು. ಇದರಿಂದ ಬೆಂಕಿಯು ಪೂರ್ಣಗೊಳ್ಳದೆ, ಪರಿಶೀಲನೆಗೆ ಅಡ್ಡಿಯಾಗಿದೆ.' ವಿನಿ ಪತ್ರವನ್ನು ಹಬ್ತೊಮ್‌ಗೆ ಓದಿ ಹೇಳಿದಳು. ಹಬ್ತೊಮ್ ಗಂಭೀರವಾಗಿ, "ನೀವು ಬರೆದಿರಾ ಅಮ್ಮ ಪುಸ್ತಕದಲ್ಲಿ?" ಎಂದ.

"ಬರೆದೆ. 'ಬೆಂಕಿ ಇತ್ತು, ಈಗಿಲ್ಲ' ಅಂತ."

ಆ ಒಂದು ಸಾಲು ಇಲಾಖೆಯಲ್ಲಿ ಗದ್ದಲವೆಬ್ಬಿಸಿತು. ಲಾರ್ಕ್‌ಸ್ಪರ್ ಹೌಸಿನಲ್ಲಿ ಬೆಂಕಿ ಬೀಳುತ್ತದೆ ಎಂಬುದಕ್ಕೆ ಈಗ ದಾಖಲೆಯಿತ್ತು. ಕಾವಲನ್ನು ಇಮ್ಮಡಿ ಮಾಡಲಾಯಿತು, ಬಿಲ್ಲನ್ನೂ. ಹೊಸ ಬಿಲ್ಲು ನೋಡಿದ ಉಳಿದ ಏಳು ಮನೆಯವರು ಒಬ್ಬೊಬ್ಬರಾಗಿ ಬಂದು ವಿನಿಯ ಬಾಗಿಲು ತಟ್ಟಿ, ಅರ್ಜಿ ಎಲ್ಲಿ ಸಿಗುತ್ತದೆಂದು ಕೇಳಿದರು. ಒಂದು ತಿಂಗಳೊಳಗೆ ಎಂಟು ಮನೆಯವರಿಗೂ ಹಳದಿ ಜಾಕೆಟ್ಟು ಬಂತು. ಮೆಟ್ಟಿಲಲ್ಲಿ ಎದುರಾದಾಗ ಒಬ್ಬರನ್ನೊಬ್ಬರು "ಏನಾದ್ರೂ ಕಾಣಿಸ್ತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಮಾತಾಡದಿದ್ದವರು ಕೂಡ.

ಹೀಗಿರುವಾಗ ಬಾಗಿಲುಗಳು ಬಂದುಬಿಟ್ಟವು.

ಪಿಲ್‌ಬೀಮ್ ಎಂಟು ಮನೆಯವರ ಸಭೆ ಕರೆದರು. "ಬಾಗಿಲು ಕೂರಿಸಿದ ದಿನವೇ ಕಾವಲು ನಿಲ್ಲುತ್ತೆ. ಕೆಲಸವೂ ನಿಲ್ಲುತ್ತೆ. ಬಾಗಿಲಿನ ಹಣ ಆ ದಿನವೇ ಕಟ್ಟಬೇಕು. ನಿಮ್ಮ ಒಪ್ಪಿಗೆ ಇದ್ರೆ ಸೋಮವಾರದಿಂದ ಶುರು. ಇನ್ನೊಂದಿಷ್ಟು ಕಾಲ ತಡೆಯೋಣ ಅನ್ನೋರು ಕೈ ಎತ್ತಿ."

ಏಳು ಕೈ ಎದ್ದವು. ಎಲ್ಲರೂ ವಿನಿಯನ್ನು ನೋಡಿದರು. ಬಾಗಿಲು ಕೂತರೆ ಪ್ರಮಾಣಪತ್ರ, ಪ್ರಮಾಣಪತ್ರ ಬಂದರೆ ಮಾರಾಟ, ಮಾರಿದರೆ ಸ್ಕೆಗ್‌ನೆಸ್. ಅಷ್ಟರ ತನಕ ಬದುಕಲು ಸಂಬಳವಿಲ್ಲ, ಕಟ್ಟಲು ಮೂರು ಸಾವಿರದ ಇನ್ನೂರೂ ಇಲ್ಲ. ಆಕೆ ಕೈಯನ್ನು ಅರ್ಧ ಎತ್ತಿದಳು.

"ಅರ್ಧವನ್ನೂ ಒಂದು ಅಂತಲೇ ಬರ್ಕೊಳ್ತೀವಿ," ಎಂದು ಪಿಲ್‌ಬೀಮ್ ಒಮ್ಮತದ ನಿರ್ಣಯ ದಾಖಲಿಸಿದರು.

ಅರವತ್ತನಾಲ್ಕು ಬಾಗಿಲುಗಳನ್ನು ನೆಲದಂತಸ್ತಿನ ಹಾದಿಯಲ್ಲಿ ಸಾಲಾಗಿ ಒರಗಿಸಲಾಯಿತು. ಕಟ್ಟಡದಿಂದ ಓಡಿಹೋಗಲು ಇದ್ದದ್ದು ಅದೊಂದೇ ಹಾದಿ. ಅಷ್ಟೊಂದು ಮರ ಒಂದೆಡೆ ಇರುವುದು ಅಪಾಯವೆಂದು ಹೊಸ ಪರಿಶೀಲನೆ ವರದಿ ಕೊಟ್ಟಿತು. ಬೆಂಕಿಗೆ ನಿಲ್ಲುವ ಬಾಗಿಲುಗಳನ್ನು ಬೆಂಕಿಯಿಂದ ಕಾಯಲು, ಅವುಗಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವ ಒಂದು ಹುದ್ದೆಯನ್ನು ಸೃಷ್ಟಿಸಲಾಯಿತು.

ಸುದ್ದಿಯನ್ನು ಫೋನಿನಲ್ಲಿ ಕೇಳಿದ ಥೆಲ್ಮಾ ಹುದ್ದೆಯ ವಿವರ ವಿಚಾರಿಸಿದಳು.

"ನಡೀಬೇಕಾಗಿಲ್ಲ ಅಂತೀಯಾ?"

"ಕೂರೋದು ಅಷ್ಟೇ."

"ಈ ಸೊಂಟಕ್ಕೆ ಹೇಳಿಮಾಡಿಸಿದ ಹಾಗಿದೆಯಲ್ಲೇ. ಇಲ್ಲಿ ಒಬ್ಬಳೇ ಕೂತು ಸಮುದ್ರ ನೋಡ್ತೀನಿ, ಅಲ್ಲಿ ಬಾಗಿಲು ನೋಡ್ತೀನಿ. ಅದಕ್ಕಾದ್ರೆ ದುಡ್ಡು ಕೊಡ್ತಾರೆ."

ಥೆಲ್ಮಾ ಸ್ಕೆಗ್‌ನೆಸ್ಸಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದಳು. ವಿನಿ ಪೆಟ್ಟಿಗೆಯಿಂದ ಎರಡನೇ ತಟ್ಟೆ ತೆಗೆದಳು. ಥೆಲ್ಮಾ ಇಲ್ಲಿ ಏನನ್ನೂ ಕೊಂಡವಳಲ್ಲವಾದ್ದರಿಂದ ಆಕೆಗೆ ಬಿಲ್ಲಿಲ್ಲ. ಲಾರ್ಕ್‌ಸ್ಪರ್ ಹೌಸಿನಲ್ಲಿ ಕೊಂಡವರ ಹಣದಿಂದ ಲಾಭದಲ್ಲಿರುವ ಏಕೈಕ ನಿವಾಸಿ ಆಕೆ ಎಂದು ವಾರ್ಷಿಕ ವರದಿಯಲ್ಲಿ ಮೆಚ್ಚುಗೆಯಿಂದ ಉಲ್ಲೇಖಿಸಲಾಗಿದೆ.

ಈಗ ದಿನಾ ಮಧ್ಯಾಹ್ನ ಪಾಳಿ ಮುಗಿಸಿ ಇಳಿದು ಬರುವ ವಿನಿ, ಬಾಗಿಲುಗಳ ನಡುವೆ ಹೆಣಿಗೆ ಹಿಡಿದು ಕೂತ ತಂಗಿಯ ಮುಂದೆ ಹಾಜರಿ ಪುಸ್ತಕ ಬಿಚ್ಚುತ್ತಾಳೆ.

"ಬೆಂಕಿ?" ಎಂದು ಥೆಲ್ಮಾ ಕೇಳುತ್ತಾಳೆ.

"ಇಲ್ಲ."

"ಬಾಗಿಲು?" ಎಂದು ವಿನಿ ಕೇಳುತ್ತಾಳೆ.

"ಅರವತ್ತನಾಲ್ಕೂ ಇವೆ. ಒಂದು ಕಡೆ ಸರಿಯೇ, ಪಿಲ್‌ಬೀಮ್ ಅವರು ಹಾದು ಹೋಗಬೇಕಂತೆ."

ಪಿಲ್‌ಬೀಮ್ ಬಾಗಿಲುಗಳ ಪಕ್ಕದಲ್ಲಿ ಓರೆಯಾಗಿ ನುಸುಳಿ, ಇಬ್ಬರಿಗೂ ತಲೆಬಾಗಿ, ಎಲ್ಲವೂ ಸುರಕ್ಷಿತವಾಗಿದೆ ಎಂದು ಬರೆದುಕೊಂಡು ಹೋಗುತ್ತಾರೆ.