ಎಳ್ಳಿನ ಜೊತೆ ಹೋದ ಹಲ್ಲು

ನನ್ನ ಮುಂದಿನ ನಾಲ್ಕು ಹಲ್ಲು ಹೋದದ್ದು ನಮ್ಮ ಯಜಮಾನರ ತಲೆ ಗಟ್ಟಿಯಾಗಿದ್ದರಿಂದ. ತಲೆ ಎಂದರೆ ಬರೀ ತಲೆಯಲ್ಲ, ಅದರ ಮೇಲಿದ್ದ ಹೆಲ್ಮೆಟ್ಟು. ಆಗಿನ್ನೂ ಹೆಲ್ಮೆಟ್ ಕಡ್ಡಾಯವಾದ ಹೊಸತು. ಹೇರೋಹಳ್ಳಿಯಲ್ಲಿ ಯಾವುದೋ ಸೈಟು ನೋಡಿಕೊಂಡು ಬರೋಣ ಎಂದು ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಸ್ಕೂಟರ್ ಒಂದು ಹಳ್ಳಕ್ಕೆ ಇಳಿಯಿತು, ಹಿಂದೆ ಕೂತಿದ್ದ ನಾನು ಮುಂದಕ್ಕೆ ಮುಗ್ಗರಿಸಿದೆ, ನನ್ನ ಬಾಯಿ ಹೋಗಿ ಅವರ ಹೆಲ್ಮೆಟ್ಟಿಗೆ ಬಡಿಯಿತು. ಹೆಲ್ಮೆಟ್ಟಿಗೆ ಒಂದು ಗೀರೂ ಬೀಳಲಿಲ್ಲ.

"ನೋಡಿದ್ಯಾ ವನಜಾ? ಒಳ್ಳೇ ಮಾಲು ತಗೋಬೇಕು ಅನ್ನೋದು ಇದಕ್ಕೇ!" ಎಂದರು.

ವಿಜಯನಗರದ ಹಲ್ಲಿನ ಡಾಕ್ಟರು ಹಲ್ಲು ಕಟ್ಟಿಕೊಟ್ಟರು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಒಸಡು, ಅದಕ್ಕೆ ನಾಲ್ಕು ಹಲ್ಲು, ಎರಡು ಕಡೆ ತಂತಿಯ ಕೊಕ್ಕೆ. ಬೇಕಾದಾಗ ಹಾಕಿಕೊಳ್ಳಬಹುದು, ಬೇಡವಾದಾಗ ತೆಗೆದಿಡಬಹುದು. ನಿಜ ಹೇಳುತ್ತೇನೆ, ನನ್ನ ಸ್ವಂತ ಹಲ್ಲಿಗಿಂತ ಅವೇ ಚೆನ್ನಾಗಿದ್ದವು. ಆದ್ದರಿಂದ ಈ ವಿಷಯ ಮನೆಯ ಹೊಸಿಲು ದಾಟಕೂಡದು ಎಂದು ನಾನು ಯಜಮಾನರಿಗೂ ಮಗಳು ಸುಮಳಿಗೂ ಕಟ್ಟಪ್ಪಣೆ ಮಾಡಿದೆ. ನಮ್ಮ ಆರ್‌ಪಿಸಿ ಲೇಔಟಿನ ಬೀದಿಯಲ್ಲಿ ಒಬ್ಬರ ಕಿವಿಗೆ ಬಿದ್ದರೆ ಸಾಕು, ಹಾಲು ತರಲು ಹೋದಾಗ ಹಾಲಿನವನೇ ಬಗ್ಗಿ ಬಾಯೊಳಗೆ ನೋಡುತ್ತಾನೆ.

ಅಷ್ಟರಲ್ಲಿ ಸುಮಳಿಗೆ ಒಂದು ಸಂಬಂಧ ಬಂತು. ತಂದವರು ಬೀದಿಯ ಕೊನೆಯ ಮನೆಯ ಪದ್ಮಾ. ಹುಡುಗನ ತಾಯಿ ಜಯಲಕ್ಷ್ಮಮ್ಮ, ಪದ್ಮಾಗೆ ದೊಡ್ಡಮ್ಮನ ಮಗಳು, ಬಸವೇಶ್ವರನಗರದವರು. ಬಂದು ಹುಡುಗಿ ನೋಡಿದರು. ನಾನು ಹೊಸ ಹಲ್ಲು ಬಿಟ್ಟು ಧಾರಾಳವಾಗಿ ನಕ್ಕೆ. "ನಿಮ್ಮ ಮಗಳಿಗೆ ನಿಮ್ಮದೇ ನಗು ಬಂದಿದೆ" ಎಂದು ಜಯಲಕ್ಷ್ಮಮ್ಮ ಮೆಚ್ಚಿಕೊಂಡರು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಯಿತು. ಸುಮ ಒಣಗಿದ ಬಟ್ಟೆ ತರುತ್ತೇನೆ ಎಂದು ಮೊಬೈಲ್ ಹಿಡಿದುಕೊಂಡು ತಾರಸಿಗೆ ಹೋದರೆ, ಬಟ್ಟೆ ಮತ್ತೆ ಒದ್ದೆಯಾಗುವಷ್ಟು ಹೊತ್ತು ಬರುತ್ತಿರಲಿಲ್ಲ. ನಡುವೆ ಧನುರ್ಮಾಸ ಬಂತು. ಶುಭ ಮಾತು ಆಡುವಂತಿಲ್ಲ. ಸಂಕ್ರಾಂತಿ ಸಂಜೆ ಬಂದು ಕೊನೆಯ ಮಾತು ಹೇಳುತ್ತೇವೆ ಎಂದರು.

ಹಬ್ಬಕ್ಕೆ ಮುಂಚೆ ಪದ್ಮಾ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಕಿವಿಯಲ್ಲಿ ಹೇಳಿದರು. "ವನಜಾ, ನಮ್ಮಕ್ಕ ಒಳ್ಳೇವ್ಳು. ಆದ್ರೆ ಮುಚ್ಚಿಟ್ರೆ ಮಾತ್ರ ಸಹಿಸಲ್ಲ. ಹೋದ ವರ್ಷ ಒಂದು ಸಂಬಂಧ ಎಲ್ಲಾ ಕುದುರಿತ್ತು. ಹುಡುಗಿ ಅಪ್ಪ ತಲೆಗೆ ಬಣ್ಣ ಹಚ್ತಾರೆ ಅಂತ ಆಮೇಲೆ ಗೊತ್ತಾಯ್ತು. ಕೂದ್ಲಲ್ಲೇ ಮುಚ್ಚಿಟ್ಟೋರು ಇನ್ನೇನೇನು ಮುಚ್ಚಿಟ್ಟಿದಾರೋ ಅಂತ ಬಿಟ್ಟೇಬಿಟ್ಲು!"

ನನ್ನ ನಾಲ್ಕು ಹಲ್ಲೂ ಬಾಯೊಳಗೆ ತಣ್ಣಗಾದವು. ಸತ್ಯ ಹೇಳುವ ಕಾಲ ಮೀರಿತ್ತು. ಒಮ್ಮೆ ನಕ್ಕಾಗಿತ್ತಲ್ಲ!

ಸಂಕ್ರಾಂತಿ ಬೆಳಿಗ್ಗೆ. ಸಂಜೆ ಬೀಗರು ಬರುತ್ತಾರೆ, ಆದ್ದರಿಂದ ಎಳ್ಳು ಬೀರುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಬಿಡೋಣ ಎಂದು ರೇಷ್ಮೆ ಸೀರೆ ಉಟ್ಟು ಹಾಲ್‌ನಲ್ಲಿ ಕೂತೆ. ಮುಂದೆ ದೊಡ್ಡ ಪಾತ್ರೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ ಬೀಜ. ಮಡಿಲಲ್ಲಿ ಖಾಲಿ ಕಾಗದದ ಕವರುಗಳು. ಪಕ್ಕದಲ್ಲಿ ಯಜಮಾನರ ಸ್ಟೇಪ್ಲರ್. ಹದ ನೋಡೋಣ ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಕೊಬ್ಬರಿಯ ಚೂರೊಂದು ಹಲ್ಲಿನ ಸೆಟ್ಟಿನ ಕೆಳಗೆ ಸೇರಿಕೊಂಡು ಒಸಡಿಗೆ ಚುಚ್ಚಿತು. ಕಣ್ಣಲ್ಲಿ ನೀರು ಬಂತು. ಸೆಟ್ಟು ತೆಗೆದು ಕೈಯಲ್ಲಿ ಹಿಡಿದೆ. ಅದೇ ಕ್ಷಣ ಬಾಗಿಲಲ್ಲಿ ಎದುರು ಮನೆ ಶಾರದಮ್ಮ!

"ವನಜಾ, ಒಬ್ಬಳೇ ಕೂತಿದೀಯಾ? ಬಾ, ನಾನೂ ಕೈ ಹಾಕ್ತೀನಿ."

ಶಾರದಮ್ಮ ಎಂದರೆ ನಮ್ಮ ಬೀದಿಯ ಬೆಳಗಿನ ವಾರ್ತೆ. ಗಾಬರಿಯಲ್ಲಿ ಸೆಟ್ಟನ್ನು ಮಡಿಲಲ್ಲಿದ್ದ ಒಂದು ಕವರಿನೊಳಗೆ ತುರುಕಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಲ್ಲುನೋವು ಎಂದು ಸನ್ನೆ ಮಾಡಿದೆ. ಅದೊಂದು ಮಾತ್ರ ಅರ್ಧ ಸತ್ಯ.

"ಅಯ್ಯೋ ಪಾಪ, ನೀನು ಸುಮ್ನೆ ಕೂತ್ಕೋ" ಎಂದವರೇ ಶಾರದಮ್ಮ ನನ್ನ ಮಡಿಲಿನ ಕವರುಗಳನ್ನೆಲ್ಲ ಒಟ್ಟಿಗೆ ಬಾಚಿಕೊಂಡರು. ನಾನು ಒಂದು ತುದಿ ಹಿಡಿದು ಎಳೆದೆ. ಅವರು ನನ್ನ ಕೈ ಮೇಲೆ ಪ್ರೀತಿಯಿಂದ ತಟ್ಟಿದರು. ಸೌಟು ಹಾಕಿದ್ದು, ಕವರು ಕುಲುಕಿದ್ದು, ಸ್ಟೇಪ್ಲರ್ ಒತ್ತಿದ್ದು. ಟಕ್, ಟಕ್, ಟಕ್! ಯಾವ ಟಕ್‌ಗೆ ನನ್ನ ಹಲ್ಲು ಹೋಯಿತೋ ಗೊತ್ತಾಗಲಿಲ್ಲ. ಇವರು ಎದ್ದು ಹೋಗಲಿ, ಒಂದೊಂದೇ ಕವರನ್ನು ಹಿಸುಕಿ ನೋಡಿದರಾಯಿತು ಎಂದು ಕಾದು ಕೂತೆ.

ಶಾರದಮ್ಮ ತುಂಬಿದ ಕವರುಗಳನ್ನೆಲ್ಲ ಬುಟ್ಟಿಗೆ ಜೋಡಿಸಿ, ತಮ್ಮ ಪಾಲಿನದು ತೆಗೆದುಕೊಂಡು ಎದ್ದರು. ಫೋನು ರಿಂಗಾಯಿತು. ಒಳಗೆ ಹೋಗಿ ಎತ್ತಿದರೆ ನಾದಿನಿ, ಹಬ್ಬದ ಶುಭಾಶಯ ಹೇಳಲು. ನನ್ನ ನಾದಿನಿಯ ಶುಭಾಶಯ ಅವರ ಮಂಡಿನೋವಿನಿಂದ ಶುರುವಾಗಿ ಅವರ ಮನೆ ಬೋರ್‌ವೆಲ್‌ನಲ್ಲಿ ಮುಗಿಯುತ್ತದೆ. ನಾನು ಬರೀ "ಹ್ಞೂ, ಹ್ಞೂ" ಎಂದು ಮುಗಿಸಿ ಓಡಿ ಬಂದೆ. ಹಾಲ್ ಖಾಲಿ. ಬುಟ್ಟಿ ಇಲ್ಲ. ಸುಮ ಇಲ್ಲ. ಅವಳ ಸ್ಕೂಟಿಯೂ ಇಲ್ಲ!

ಹುಟ್ಟಿದಾಗಿನಿಂದ ಹೇಳಿದ ಕೆಲಸ ಹೇಳಿದ ಕೂಡಲೇ ಮಾಡದ ನನ್ನ ಮಗಳು ಅಂದೇ ಹೇಳದೆ ಮಾಡಿದ್ದಳು. ಊಟದ ಹೊತ್ತಿಗೆ ಖಾಲಿ ಬುಟ್ಟಿ ಬೀಸಿಕೊಂಡು ಬಂದಳು.

"ಎಲ್ಲಾ ಮನೆಗೂ ಕೊಟ್ಟಾಯ್ತಮ್ಮ. ಯಾಕಮ್ಮಾ ಹಂಗ್ ನೋಡ್ತೀಯಾ? ಹಲ್ಲೆಲ್ಲಿ?"

ನಾನು ಬುಟ್ಟಿ ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನೆಲದ ಮೇಲೆ ಕುಸಿದು ಕೂತಳು.

"ಅಮ್ಮಾ! ಸಂಜೆ ಅವರಮ್ಮ ಬರ್ತಾರಮ್ಮಾ!"

ಡಾಕ್ಟರಿಗೆ ಫೋನು ಮಾಡಿದರೆ ಹಬ್ಬಕ್ಕೆ ಕ್ಲಿನಿಕ್ಕು ಬಂದ್. ಯಜಮಾನರು ಮಾವಿನೆಲೆ, ಹೂವು ತರಲು ಪೇಟೆಗೆ ಹೋಗಿದ್ದರು. ಉಳಿದದ್ದು ಒಂದೇ ದಾರಿ. ಮನೆಮನೆಗೂ ಹೋಗಿ ಕವರು ವಾಪಸ್ ಕೇಳುವುದು. ಆದರೆ ಕೊಟ್ಟ ಎಳ್ಳನ್ನು ವಾಪಸ್ ಕೇಳಲು ಏನು ಕಾರಣ ಕೊಡುವುದು? ಕಾರಣ ನನಗೇ ಹೊಳೆಯಿತು. ಆ ಹೊತ್ತಿನಲ್ಲಿ ಅದು ಬಹಳ ಬುದ್ಧಿವಂತಿಕೆಯದು ಎಂದು ಕಂಡಿತು. ಎಳ್ಳಿನಲ್ಲಿ ಜಿರಳೆ ಬಿದ್ದಿತ್ತು ಎಂದುಬಿಡುವುದು!

ಮೊದಲು ಶಾರದಮ್ಮನ ಮನೆ. ನಾನು ಬಾಯಿಗೆ ಸೆರಗು, ಮಾತೆಲ್ಲ ಸುಮಳದು. "ಆಂಟಿ, ಎಳ್ಳಲ್ಲಿ ಜಿರಳೆ ಬಿದ್ದಿತ್ತಂತೆ, ಕವರ್ ವಾಪಸ್ ಕೊಡ್ತೀರಾ?"

ಒಳಗಿನಿಂದ ಶಾರದಮ್ಮನ ಅತ್ತೆ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ಅವರು ತಮ್ಮ ಪಾಲನ್ನು ಆಗಲೇ ತಿಂದು ಮುಗಿಸಿದ್ದರು.

"ಜಿರಳೆನಾ?" ಶಾರದಮ್ಮನ ಮುಖ ಕೆಂಪಾಯಿತು. "ಅಷ್ಟೂ ಕವರ್ ತುಂಬಿದ್ದು ನಾನು! ನನ್ನ ಕಣ್ಣಿಗೆ ಕಾಣದ ಜಿರಳೆ ನಿಮ್ಮಮ್ಮಂಗೆ ಕಾಣ್ತಾ? ಹಬ್ಬದ ದಿನ ಕರೆದು ಅವಮಾನ ಮಾಡ್ತೀರೇನಮ್ಮ?"

ಕರೆದಿರಲಿಲ್ಲ, ತಾವೇ ಬಂದಿದ್ದರು ಎಂದು ಹೇಳಲು ನನಗೆ ಹಲ್ಲಿರಲಿಲ್ಲ.

ಹಿಂದಿನ ಮನೆಯ ಬಾಡಿಗೆಯವರು ಬಿಜಾಪುರದ ಕಡೆಯವರು. ಆ ಹುಡುಗಿ ನಗುನಗುತ್ತಾ ಕವರು ತಂದುಕೊಟ್ಟಳು. "ತೊಗೋರಿ ಅಕ್ಕಾರ, ಇನ್ನೂ ಬಿಚ್ಚಿಲ್ರಿ. ಹುಳಾ ಹುಪ್ಪಡಿಗೆ ನಾವೇನ್ ಅಂಜಂಗಿಲ್ರಿ." ಹಿಸುಕಿ ನೋಡಿದೆ. ಬರೀ ಕಡಲೆ ಬೀಜ. ಅಷ್ಟು ಒಳ್ಳೆಯ ಹುಡುಗಿಯ ಮೇಲೂ ನನಗೆ ಸಿಟ್ಟು ಬಂತು.

ಮೂರನೆಯ ಮನೆಯ ಹೊತ್ತಿಗೆ ಶಾರದಮ್ಮನ ಸುದ್ದಿ ನಮಗಿಂತ ಮುಂದೆ ಓಡಿತ್ತು. ಆ ಮನೆಯವರು ನಮ್ಮನ್ನು ನೋಡಿದ ಕೂಡಲೇ, "ಕಸಕ್ಕೆ ಹಾಕಿದ್ವಿ ಕಣಮ್ಮ, ಚಿಂತೆ ಮಾಡ್ಬೇಡಿ!" ಎಂದು ಧೈರ್ಯ ಹೇಳಿದರು. ಅವರ ಗೇಟಿನ ಪಕ್ಕದ ಕಸದ ಡಬ್ಬಿಗೆ ಬಗ್ಗಿದೆ. ಒಂದು ಕೈಯಲ್ಲಿ ಕೆದಕಲು ಅಲ್ಲೇ ಸಿಕ್ಕಿದ ಕಬ್ಬಿನ ಜಲ್ಲೆ, ಇನ್ನೊಂದು ಕೈಯಲ್ಲಿ ಸೆರಗು. ಬಾಳೆಹಣ್ಣಿನ ಸಿಪ್ಪೆ, ಅವರೆಕಾಯಿ ಸಿಪ್ಪೆ, ಕಾಫಿ ಗಸಿ ಎಲ್ಲ ಸಿಕ್ಕವು. ಹಲ್ಲು ಮಾತ್ರ ಇಲ್ಲ. ಆಗಲೇ ಪಕ್ಕದಲ್ಲಿ ಸ್ಕೂಟರ್ ನಿಂತ ಸದ್ದಾಯಿತು.

"ವನಜಾ," ಎಂದರು ಯಜಮಾನರು, ಹೆಲ್ಮೆಟ್ ತೆಗೆಯದೆ, "ಹಬ್ಬದ ದಿನ ರೇಷ್ಮೆ ಸೀರೆ ಉಟ್ಕೊಂಡು ಇದೇನ್ ಹುಡುಕ್ತಾ ಇದೀಯಾ?"

ಸುಮ ವಿಷಯ ಹೇಳಿದಳು. ಅವರು ಯೋಚಿಸಿ, "ಯಾರಿಗೆ ಸಿಕ್ಕಿದ್ರೂ ವಾಪಸ್ ತಂದ್ ಕೊಡ್ತಾರೆ ಬಿಡು. ಬೇರೆಯವರ ಬಾಯಿಗೆ ಅದು ಕೂರಲ್ಲ" ಎಂದರು. ಆ ಹೆಲ್ಮೆಟ್ಟಿನ ಮೇಲೆ ಕಬ್ಬಿನ ಜಲ್ಲೆ ಮುರಿಯಬೇಕೆನಿಸಿತು.

ಬೀದಿಯೆಲ್ಲ ಮುಗಿಸಿ ಪದ್ಮಾ ಮನೆಗೆ ಬಂದರೆ ಬಾಗಿಲಿಗೆ ಬೀಗ. ಬೆಳಿಗ್ಗೆಯೇ ಬಸವೇಶ್ವರನಗರಕ್ಕೆ ಹೋಗಿದ್ದಾರೆ, ಸಂಜೆ ಅವರ ಜೊತೆಗೇ ಬರುತ್ತಾರೆ ಎಂದರು ಪಕ್ಕದವರು. ನನ್ನ ಹಲ್ಲು ಆ ಬೀಗದೊಳಗೆ ಇರಲಿ ದೇವರೇ ಎಂದು ಕಿಟಕಿಗೆ ಕೈಮುಗಿದು ಬಂದೆ.

ಸಂಜೆ ಬಂದೇ ಬಂತು. ಜಯಲಕ್ಷ್ಮಮ್ಮ, ಅವರ ಯಜಮಾನರು, ಹುಡುಗ, ಪದ್ಮಾ ಬಂದು ಕೂತರು. ನಾನು ಅಡುಗೆಮನೆ ಬಾಗಿಲಿಗೆ ಆತು ನಿಂತು, ತುಟಿ ಬಿಗಿಹಿಡಿದು ಸೆರಗು ಅಡ್ಡ ಹಿಡಿದೆ. ಕುಂಕುಮ ಕೊಟ್ಟೆ, ಮಾತಿಲ್ಲ. ಕಾಫಿ ಕೊಟ್ಟೆ, ನಗುವಿಲ್ಲ. ಪದ್ಮಾ ಕಣ್ಣಲ್ಲೇ "ಏನಾಯ್ತು?" ಎಂದು ಕೇಳಿದರು. ನಾನೂ ಕಣ್ಣಲ್ಲೇ "ನಿಮ್ಮ ಮನೆ ಬೀಗದ ಕೈ ಕೊಡಿ" ಎಂದು ಬೇಡಿದೆ. ಅಷ್ಟು ದೊಡ್ಡ ವಿಷಯ ಕಣ್ಣಲ್ಲಿ ದಾಟಲಿಲ್ಲ.

ಜಯಲಕ್ಷ್ಮಮ್ಮ ಕಾಫಿ ಲೋಟ ಕೆಳಗಿಟ್ಟರು. "ಹೋದ ಸಲ ಬಂದಾಗ ಅಷ್ಟು ನಗ್ತಾ ಇದ್ರಿ. ಈ ಸಲ ಮುಖ ಗಂಟು ಹಾಕ್ಕೊಂಡಿದೀರ. ನಿಮಗೆ ಈ ಸಂಬಂಧ ಇಷ್ಟ ಇದ್ಯೋ ಇಲ್ವೋ?"

ನಾನು ಜೋರಾಗಿ ತಲೆ ಆಡಿಸಿದೆ.

"ಬಾಯಿಬಿಟ್ಟು ಹೇಳಿ ವನಜಮ್ಮ."

ಯಜಮಾನರು ಗಂಟಲು ಸರಿಮಾಡಿಕೊಂಡು, "ಅವಳಿಗೆ ಸ್ವಲ್ಪ ಹಲ್ಲುನೋವು..." ಎಂದರು.

"ನಾನು ಅವರನ್ನ ಕೇಳಿದ್ದು" ಎಂದರು ಜಯಲಕ್ಷ್ಮಮ್ಮ. ಪಕ್ಕದಲ್ಲಿದ್ದ ಬ್ಯಾಗಿನ ಮೇಲೆ ಅವರ ಕೈ ಹೋಯಿತು. ಏಳುತ್ತಿದ್ದಾರೆ ಎಂದುಕೊಂಡೆ. ಹುಡುಗ ನೆಲ ನೋಡುತ್ತಿದ್ದ. ಸುಮಳ ಕಣ್ಣಲ್ಲಿ ನೀರು ತುಂಬಿತ್ತು. ತಾರಸಿಯಲ್ಲಿ ಫೋನು ಹಿಡಿದು ನಗುತ್ತಿದ್ದ ಮುಖ ಅದು. ನನಗೆ ತಡೆಯಲಾಗಲಿಲ್ಲ. ಸೆರಗು ಬಿಟ್ಟೆ.

"ಇಷ್ಟ ಇದೆ!" ಎಂದು ಕೂಗಿದೆ. "ಹಲ್ಲಿಲ್ಲ!"

ಜಯಲಕ್ಷ್ಮಮ್ಮ ಬ್ಯಾಗಿನಿಂದ ಒಂದು ಕಾಗದದ ಕವರು ತೆಗೆದು ನನ್ನ ಮುಂದೆ ಹಿಡಿದರು. ಬಾಯಿ ಬಿಚ್ಚಿತ್ತು. ಎಳ್ಳಿನ ನಡುವೆ ನನ್ನ ನಾಲ್ಕು ಹಲ್ಲು ನನ್ನನ್ನೇ ನೋಡಿ ನಗುತ್ತಿದ್ದವು!

"ಬೆಳಿಗ್ಗೆ ಪದ್ಮಾ ಕೊಟ್ಟಳು. ನಮ್ಮತ್ತೆ ಕೊಬ್ಬರಿ ಚೂರು ಅಂತ ಬಾಯಿಗೆ ಹಾಕ್ಕೊಳಕ್ಕೆ ಹೋಗಿದ್ರು!"

ಪದ್ಮಾ ಮುಖ ಸಣ್ಣಗಾಯಿತು. ಸುಮ ಕೊಟ್ಟ ಕವರನ್ನು ಬಿಚ್ಚದೆ ಹಾಗೇ ದಾಟಿಸಿದ್ದರು. ಯಾವ ಮನೆಯಲ್ಲಿ ದಾಟಿಸುವುದಿಲ್ಲ? ನಾನೂ ಆ ದಿನ ಶಾರದಮ್ಮ ಕೊಟ್ಟಿದ್ದ ಎಳ್ಳನ್ನೇ ಜಯಲಕ್ಷ್ಮಮ್ಮನಿಗೆ ಕೊಡಲು ಎತ್ತಿಟ್ಟಿದ್ದೆ.

"ಯಾರದ್ದು ಅಂತ ಪದ್ಮಾನ್ನೂ ಕೇಳ್ಲಿಲ್ಲ ನಾನು," ಎಂದರು ಜಯಲಕ್ಷ್ಮಮ್ಮ. "ಇಲ್ಲಿ ಬಂದು ನಿಮ್ಮ ಸೆರಗು ನೋಡಿದ ತಕ್ಷಣ ಗೊತ್ತಾಯ್ತು. ನೀವಾಗೇ ಹೇಳ್ತೀರೋ ಇಲ್ವೋ ಅಂತ ಕಾಯ್ತಾ ಇದ್ದೆ. ಹೇಳ್ದೇ ಇದ್ದಿದ್ರೆ ಎದ್ದು ಹೋಗ್ತಿದ್ದೆ. ಈಗ ಹೇಳಿ, ಹೆಂಗ್ ಹೋಯ್ತು ಹಲ್ಲು?"

ಹೆಲ್ಮೆಟ್ಟಿನ ಕತೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಜಮಾನರು ಮುಖಕ್ಕೆ ಪೇಪರ್ ಅಡ್ಡ ಹಿಡಿದರು. ತಾಂಬೂಲ ಬದಲಾಯಿಸಿಕೊಂಡು ಮಾತು ನಿಶ್ಚಯವಾಯಿತು.

ಮದುವೆಯೇನೋ ಚೆನ್ನಾಗಿ ಆಯಿತು. ಆದರೆ ಬೀದಿಯಲ್ಲಿ ನನ್ನ ಜಿರಳೆ ಇನ್ನೂ ಓಡಾಡುತ್ತಿತ್ತು. ನಮ್ಮ ಮನೆಯ ಅರಿಸಿನ ಕುಂಕುಮಕ್ಕೆ ಬಂದವರು ಒಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಶಾರದಮ್ಮನಂತೂ ನನ್ನ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜಿರಳೆ ಮನೆಯವಳು ಎನ್ನಿಸಿಕೊಳ್ಳುವುದಕ್ಕಿಂತ ಹಲ್ಲಿಲ್ಲದವಳು ಎನ್ನಿಸಿಕೊಳ್ಳುವುದೇ ವಾಸಿ ಎಂದು ತೀರ್ಮಾನಿಸಿ, ಯಾರಿಗೂ ಹೇಳಬಾರದೆಂದು ಅಷ್ಟು ಕಾಪಾಡಿದ್ದ ಗುಟ್ಟನ್ನು ನಾನೇ ಮನೆಮನೆಗೂ ಹೋಗಿ, ಸೆಟ್ಟು ತೆಗೆದು ತೋರಿಸಿ, ಹೇಳಿ ಬಂದೆ.

ಈಗಲೂ ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳನ್ನು ಎಲ್ಲರೂ ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡ ಮೇಲೆ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ, ಅಷ್ಟೇ.