ತೊಂಬತ್ತೊಂಬತ್ತು ಗಂಟೆಯ ಹರಟೆ

ಎಲ್ಲಾ ಶುರುವಾದದ್ದು ಅತ್ತೆಯ ಒಂದು ಪ್ರಶ್ನೆಯಿಂದ. ಲೆಕ್ಕಪ್ಪ ಬೆಳಿಗ್ಗೆ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿಯ ತಾಯಿ ಮೆಟ್ಟಿಲ ಕಡೆಯಿಂದ ಒಳಗೆ ಬಂದು, "ಅಳಿಯಂದ್ರೇ, ನಿಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ಜಾಸ್ತಿ ಹರಟೆ ಹೊಡೆಯೋರು ದಿನಕ್ಕೆ ಎಷ್ಟು ಗಂಟೆ ಹೊಡೀತಾರೆ?" ಅಂದರು.

ಲೆಕ್ಕಪ್ಪ ಅನ್ನುವುದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು, ಈಗ ಮನೆಯಲ್ಲೂ ಅದೇ ಓಡುತ್ತಿದೆ. ಅವನು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿಶ್ಲೇಷಕ. ಅಂದರೆ ಪ್ರೊಫೆಸರರಿಗೆ ಏನೋ ಒಂದು ಹೊಳೆಯುತ್ತದೆ. ಮನೆಮನೆಯಿಂದ ತಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ರುಬ್ಬಿ, ಹೊಳೆದದ್ದು ಸರಿ ಎಂದು ತೋರಿಸುವುದು ಇವನ ಪಾಡು. ಈ ಸಲ ಹೊಳೆದದ್ದು, ನೆರೆಹೊರೆಯವರ ಜೊತೆ ಹೆಚ್ಚು ಹರಟುವವರು ಹೆಚ್ಚು ಸಂಪಾದಿಸುತ್ತಾರೆ ಅಂತ. ಅದು ಪತ್ರಿಕೆಯಲ್ಲಿ ಬಂದ ದಿನದಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಪಕ್ಕದ ಮನೆಯಾಕೆಯ ಜೊತೆ ಮೆಟ್ಟಿಲ ಮೇಲೆ ಕೂತರೆ ಏಳುವ ಮಾತೇ ಇಲ್ಲ, ಕೇಳಿದರೆ ಮನೆಗೆ ಒಳ್ಳೆಯದಾಗಲಿ ಅಂತಲೇ ಕೂತಿದ್ದೇನೆ ಅನ್ನುತ್ತಾರೆ.

ಲೆಕ್ಕಪ್ಪ ಲ್ಯಾಪ್‌ಟಾಪ್ ತೆರೆದು ನೋಡಿದ. "ತೊಂಬತ್ತೊಂಬತ್ತು," ಅಂದ.

"ತಿಂಗಳಿಗಾ?"

"ದಿನಕ್ಕೆ."

ಪುಣ್ಯ ಮಾಡಿದವರು ಎಂದು ನಿಟ್ಟುಸಿರು ಬಿಟ್ಟು ಅತ್ತೆ ಮತ್ತೆ ಮೆಟ್ಟಿಲಿಗೆ ಹೋದರು. ದಿನಕ್ಕಿರುವುದೇ ಇಪ್ಪತ್ನಾಲ್ಕು ಗಂಟೆ ಎಂಬುದು ಲೆಕ್ಕಪ್ಪನಿಗೆ ಆಗ ಹೊಳೆಯಿತು. ಮನೆಯವರು ಉತ್ತರ ಕೊಡದಿದ್ದರೆ ಸಮೀಕ್ಷೆಯವರು ಆ ಜಾಗದಲ್ಲಿ ತೊಂಬತ್ತೊಂಬತ್ತು ಎಂದು ಬರೆಯುವುದು ವಾಡಿಕೆ. ಲೆಕ್ಕ ಹಾಕುವ ಮುಂಚೆ ಅದನ್ನು ಅಳಿಸಬೇಕಾದವನು ಲೆಕ್ಕಪ್ಪ. ಮರೆತಿದ್ದ. ಉತ್ತರ ಕೊಡದವರು ಯಾರು ಅಂದರೆ ದೊಡ್ಡ ಬಂಗಲೆಯ ಜನ. ತಮ್ಮ ಆದಾಯವನ್ನು ಎದೆಯುಬ್ಬಿಸಿ ಹೇಳಿ, ನೆರೆಯವರ ಪ್ರಶ್ನೆ ಬಂದ ಕೂಡಲೇ ಬಾಗಿಲು ಹಾಕಿಕೊಂಡವರು. ಪಕ್ಕದ ಮನೆಯವರ ಮುಖವನ್ನೇ ನೋಡದ ಈ ಪುಣ್ಯಾತ್ಮರು ಲೆಕ್ಕಪ್ಪನ ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ಹರಟುತ್ತಾ ಕೂತಿದ್ದರು. ಅವರನ್ನು ತೆಗೆದು ನೋಡಿದರೆ, ನಕ್ಷೆಯಲ್ಲಿ ಮೇಲೆ ಏರುತ್ತಿದ್ದ ಗೆರೆ ಕೆಳಗೆ ಇಳಿಯಿತು. ಹರಟೆ ಹೆಚ್ಚಿದಷ್ಟೂ ಸಂಪಾದನೆ ಕಡಿಮೆ.

ಇದು ಬೇರೆ ದಿನ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಅವತ್ತೇ ಮಧ್ಯಾಹ್ನ ಕುಲಪತಿಗಳ ಎದುರು ಪ್ರೊಫೆಸರರ ಉಪನ್ಯಾಸ. ಅದು ಮುಗಿದ ಮೇಲೆ ಲೆಕ್ಕಪ್ಪನ ಕೆಲಸ ಕಾಯಂ ಮಾಡುವ ಆದೇಶಕ್ಕೆ ಕುಲಪತಿಗಳ ಸಹಿ. ವರ್ಷವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಬದುಕಿದವನು ಅವನು. ಹೆಂಡತಿಯಂತೂ ಬಾಗಿಲಲ್ಲಿ ನಿಂತು, "ರೀ, ಇವತ್ತೊಂದು ದಿನ ಏನೂ ಎಡವಟ್ಟು ಮಾಡ್ಕೋಬೇಡಿ," ಅಂದಳು. ಎಡವಟ್ಟು ಆಗಲೇ ಬ್ಯಾಗಿನಲ್ಲಿತ್ತು.

ವಿಭಾಗಕ್ಕೆ ಹೋದವನೇ ನೇರ ಪ್ರೊಫೆಸರರ ಕೋಣೆಗೆ ನುಗ್ಗಿದ. ಬಾಗಿಲಲ್ಲಿ ಕಾರ್ಯದರ್ಶಿ ಅಕ್ಕ ತಡೆದಳು. ಉಪನ್ಯಾಸದ ದಿನ ಸಾಹೇಬರು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಾರೆ, ಭೂಮಿ ಬಿರಿದರೂ ಒಳಗೆ ಬಿಡುವ ಹಾಗಿಲ್ಲ, ಏನಿದ್ದರೂ ತನಗೆ ಹೇಳು ಅಂದಳು. ಹೇಳಿದ. ಅಕ್ಕ ತಲೆ ತಲೆ ಚಚ್ಚಿಕೊಂಡು, ಮೊದಲು ಸಹಿ ಹಾಕಿಸಿಕೋ, ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಬುದ್ಧಿ ಹೇಳಿದಳು. ಅಷ್ಟರಲ್ಲಿ ಕಟ್ಟಡದ ಹೊಸ ಬಣ್ಣ ನೋಡಲು ಬಂದಿದ್ದ ಕುಲಪತಿಗಳು ಅದೇ ದಾರಿಯಲ್ಲಿ ಹಾದುಹೋದರು. ಲೆಕ್ಕಪ್ಪ ನಡು ಬಗ್ಗಿಸಿ ನಕ್ಕ.

ಪಕ್ಕದ ಮೇಜಿನ ಸಹೋದ್ಯೋಗಿಗೆ ಡಂಗುರ ಎಂದು ಹೆಸರು, ಯಾಕೆ ಅಂತ ಹೇಳಬೇಕಾಗಿಲ್ಲ. ಯಾರಿಗೂ ಹೇಳಬೇಡ ಎಂದು ಲೆಕ್ಕಪ್ಪ ಅವನ ಕೈ ಹಿಡಿದು ಹೇಳಿಕೊಂಡ. ಡಂಗುರ ಆಣೆ ಇಟ್ಟು ಕಾಫಿಗೆಂದು ಎದ್ದುಹೋದ. ಕಾಫಿ ಮುಗಿಯುವ ಹೊತ್ತಿಗೆ ವಿಷಯ ಇಡೀ ಮಹಡಿಗೆ ಗೊತ್ತಾಗಿತ್ತು. ಗೊತ್ತಿಲ್ಲದವರು ಇಬ್ಬರೇ, ಪ್ರೊಫೆಸರರು ಮತ್ತು ಕುಲಪತಿಗಳು.

ಆಮೇಲೆ ಲೆಕ್ಕಪ್ಪನಿಗೆ ಕೂರಲು ಬಿಟ್ಟವರಿಲ್ಲ. ಗ್ರಂಥಪಾಲಕರು ಬಾಗಿಲಿಗೆ ಕರೆದು ರಜೆ ಹಾಕಿ ಮನೆಗೆ ಹೋಗು ಅಂದರು. ಸಂಖ್ಯಾಶಾಸ್ತ್ರದವರು ಮೆಟ್ಟಿಲಲ್ಲಿ ತಡೆದು, ತೊಂಬತ್ತೊಂಬತ್ತರ ಬದಲು ಇಪ್ಪತ್ಮೂರು ಅಂತ ತಿದ್ದಿಬಿಡು, ಆಗ ನಂಬುವ ಹಾಗಾದರೂ ಇರುತ್ತದೆ ಅಂದರು. ಪಾಪ, ಇವನು ಎಲ್ಲರ ಮಾತನ್ನೂ ಕೇಳಿದ, ಎಲ್ಲರಿಗೂ ಮೊದಲಿನಿಂದ ಕತೆ ಹೇಳಿದ. ಗ್ರಂಥಾಲಯದ ಬಾಗಿಲಲ್ಲೂ ಕುಲಪತಿಗಳು ಎದುರಾದರು, ಮೆಟ್ಟಿಲಲ್ಲೂ ಎದುರಾದರು. ಸದ್ಯ, ದೊಡ್ಡವರಿಗೆ ಮುಖಪರಿಚಯವಾದರೂ ಆಯಿತಲ್ಲ ಎಂದು ಪ್ರತಿ ಸಲವೂ ಹಲ್ಲು ಕಿರಿದ.

ಊಟದ ಹೊತ್ತಿಗೆ ಅವನಿಗೇ ಒಂದು ಉಪಾಯ ಹೊಳೆಯಿತು. ಸಭಾಂಗಣ ಖಾಲಿ ಇತ್ತು. ಒಳಗೆ ನುಸುಳಿ, ಪ್ರೊಫೆಸರರು ಪರದೆಯ ಮೇಲೆ ತೋರಿಸಲಿದ್ದ ತಪ್ಪು ಚಿತ್ರ ತೆಗೆದು ಸರಿಯಾದದ್ದನ್ನು ಸೇರಿಸಿದ. ಇಳಿಯುವ ಗೆರೆ ನೋಡಿದರೆ ಸಾಹೇಬರಿಗೆ ತಾನಾಗಿ ಅರ್ಥವಾಗುತ್ತದೆ, ಏನೋ ನೆಪ ಹೇಳಿ ಉಪನ್ಯಾಸ ನಿಲ್ಲಿಸುತ್ತಾರೆ. ತಪ್ಪು ಒಪ್ಪಿಕೊಂಡ ಹಾಗೂ ಆಯಿತು, ಬಾಯಿ ಬಿಡದ ಹಾಗೂ ಆಯಿತು.

ಸಭಾಂಗಣ ತುಂಬಿತು. ವಿಷಯ ತಿಳಿದ ಇಡೀ ಮಹಡಿ ಮುಂದಿನ ಸಾಲಿಗಾಗಿ ಕಿತ್ತಾಡಿತು. ಪ್ರೊಫೆಸರರು ಗುಂಡಿ ಒತ್ತಿದರು. ಚಿತ್ರ ಮೂಡಿತು, ಗೆರೆ ಜಾರುಬಂಡೆಯ ಹಾಗೆ ಕೆಳಗಿಳಿದಿತ್ತು. ಅವರು ಗೆರೆಯನ್ನು ನೋಡಿದರು, ಕುಲಪತಿಗಳನ್ನು ನೋಡಿದರು, ಒಂದು ಗುಟುಕು ನೀರು ಕುಡಿದರು.

"ನಾನು ಮೊದಲಿನಿಂದಲೂ ಹೇಳುತ್ತಾ ಬಂದಿರುವುದು ಇದನ್ನೇ," ಅಂದರು ಪ್ರೊಫೆಸರರು.

ನಿನ್ನೆಯವರೆಗೆ ಹರಟೆಯಿಂದ ಸುದ್ದಿ, ಸುದ್ದಿಯಿಂದ ಅವಕಾಶ, ಅವಕಾಶದಿಂದ ಸಂಪತ್ತು ಎಂದಿದ್ದ ಮನುಷ್ಯ, ನಾಲಿಗೆ ತಡವರಿಸದೆ ಹರಟೆಯಿಂದ ಕಾಲಹರಣ, ಕಾಲಹರಣದಿಂದ ಸೋಮಾರಿತನ, ಸೋಮಾರಿತನದಿಂದ ಬಡತನ ಎಂದು ಒಂದು ಗಂಟೆ ಅಮೋಘವಾಗಿ ಮಾತಾಡಿದರು. ಪತ್ರಿಕೆಯವರು ತಿರುಚಿ ಬರೆದರು ಎಂದು ಬೈದದ್ದಕ್ಕೂ ಚಪ್ಪಾಳೆ ಬಿತ್ತು. ಕುಲಪತಿಗಳಂತೂ ಎದ್ದು ನಿಂತು ಕೈತಟ್ಟಿದರು. ಲೆಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. ಸತ್ಯವೂ ಉಳಿಯಿತು, ಪ್ರೊಫೆಸರರೂ ಉಳಿದರು. ಇನ್ನು ಸಹಿಯೊಂದೇ ಬಾಕಿ.

ಪ್ರೊಫೆಸರರು ಅವನ ಹೆಗಲ ಮೇಲೆ ಕೈಹಾಕಿ ಕುಲಪತಿಗಳ ಬಳಿ ಕರೆದೊಯ್ದರು. ಅಕ್ಕ ಆದೇಶ ಮುಂದಿಟ್ಟಳು. ಕುಲಪತಿಗಳು ಪೆನ್ನು ತೆರೆದು, ತಲೆಯೆತ್ತಿ ಲೆಕ್ಕಪ್ಪನ ಮುಖ ನೋಡಿ ನಿಂತುಬಿಟ್ಟರು.

"ಇವರಾ? ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಬಾಗಿಲಲ್ಲಿ ಮಾತು, ಮೆಟ್ಟಿಲಲ್ಲಿ ಮಾತು, ಗ್ರಂಥಾಲಯದ ಮುಂದೆ ಮಾತು. ಕುರ್ಚಿ ಮೇಲೆ ಕೂತಿದ್ದು ಒಂದು ಸಲವೂ ಕಾಣಲಿಲ್ಲ. ಇಂಥವರಿಂದ ಏನಾಗುತ್ತೆ ಅಂತ ನೀವೇ ಈಗ ತೋರಿಸಿದ್ರಲ್ಲ ಪ್ರೊಫೆಸರೇ?"

ಪ್ರೊಫೆಸರರ ಕೈ ಮೆಲ್ಲಗೆ ಲೆಕ್ಕಪ್ಪನ ಹೆಗಲಿನಿಂದ ಇಳಿಯಿತು. ಸಂಶೋಧನೆ ಅಂದಮೇಲೆ ಅದು ಎಲ್ಲರಿಗೂ ಒಂದೇ ಎಂದು ಅವರು ಗಂಭೀರವಾಗಿ ಒಪ್ಪಿದರು. ಹಾಗಾದರೆ ಇನ್ನೊಂದು ವರ್ಷ ಗುತ್ತಿಗೆಯಲ್ಲೇ ಇಟ್ಟು ನೋಡೋಣ ಎಂದು ಕುಲಪತಿಗಳು ಪೆನ್ನಿನ ಮುಚ್ಚಳ ಹಾಕಿದರು.

ಎರಡು ಸಂಗತಿ ಜೊತೆಯಲ್ಲಿ ಕಂಡವು ಅಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ ಎಂಬುದು ಲೆಕ್ಕಪ್ಪನ ವಿದ್ಯೆಯ ಮೊದಲ ಪಾಠ. ಅದನ್ನೇ ಹೇಳಲು ಅವನು ಒಂದು ಹೆಜ್ಜೆ ಮುಂದೆ ಬಂದ.

"ಸಾರ್, ಒಂದು ಮಾತು..."

ಕುಲಪತಿಗಳು ಪ್ರೊಫೆಸರರ ಕಡೆ ತಿರುಗಿ, "ನೋಡಿದ್ರಾ, ಮತ್ತೆ ಶುರು," ಅಂದರು.